ಕೆಂಪಾಗಿಯೇ ಇರಲಿ

"ಒಪ್ಪಿಗೆ ಒತ್ತಿಬಿಡಿ," ಅಂದರು ಅಡಿಪಟ್ಟಿ ಸಾಹೇಬರು. ಚಹಾ ಆರಿಹೋಗುತ್ತೆ ಕುಡಿದುಬಿಡಿ ಅನ್ನುವ ಧಾಟಿಯಲ್ಲೇ ಅಂದರು.

"ಒತ್ತಲ್ಲ ಸರ್," ಅಂದೆ.

ನಮ್ಮ ವಿಭಾಗದಲ್ಲಿ ಅವರ ಮುಖಕ್ಕೆ ಹಾಗೆ ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗೆ ಫೈಲುಗಳ ಕಾವಲು ಕಾಯುವವಳು. ಅಡಿಪಟ್ಟಿ ಅನ್ನುವುದು ನಾವೆಲ್ಲ ಸೇರಿ ಇಟ್ಟ ಹೆಸರು. ಏಕೆಂದರೆ ಆ ಮನುಷ್ಯನಿಗೆ ಸೊಟ್ಟಗಿರುವುದು ಯಾವುದೂ ಕಣ್ಣಿಗೆ ಬೀಳಬಾರದು. ಕುರ್ಚಿ ಮೇಜಿಗೆ ಸಮನಾಗಿ ನಿಂತಿರಬೇಕು. ಪೆನ್ನು ಕಾಗದದ ಅಂಚಿಗೆ ಸಮನಾಗಿ ಮಲಗಿರಬೇಕು. ನಮ್ಮ ಮೇಜಿನ ಹತ್ತಿರ ಬಂದು ಮಾತಾಡುತ್ತ ಮಾತಾಡುತ್ತಲೇ ನಮ್ಮ ಲೋಟ, ನಮ್ಮ ಕನ್ನಡಕದ ಡಬ್ಬಿ, ನಮ್ಮ ಮೌಸು ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಹೋಗುತ್ತಿದ್ದರು. ಹೋದಮೇಲೆ ನಾವು ಮತ್ತೆ ಕೆದರುತ್ತಿದ್ದೆವು, ಅದು ಬೇರೆ ವಿಷಯ.

ನಮ್ಮ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಒಂದು ಪಕ್ಕ ಬಟ್ಟೆ ಒಗೆಯುವ ಯಂತ್ರಗಳು, ಇನ್ನೊಂದು ಪಕ್ಕ ನೀರಿನ ಪಂಪು, ನಡುವೆ ನಾವು. ಕೋಣೆಗೂ ಓಡಾಡುವ ದಾರಿಗೂ ನಡುವೆ ಗಾಜಿನ ಗೋಡೆ. ಗೋಡೆಗೆ ಎದುರಾಗಿ ಒಂದು ದೊಡ್ಡ ಪರದೆ. ಅದರ ಮೇಲೆ ಆಸ್ಪತ್ರೆಯ ಮುಖ್ಯ ಫೈಲುಗಳ ಹೆಸರು ಸಾಲಾಗಿ ಇರುತ್ತವೆ. ಯಾರೂ ಮುಟ್ಟದ ಫೈಲು ಹಸಿರು. ಯಾರಾದರೂ ಮುಟ್ಟಿದ್ದರೆ ಕೆಂಪು.

ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ ಎಂದು ಅಮ್ಮ ಒಮ್ಮೆ ಕೇಳಿದ್ದಳು. ಸುಲಭ ಅಂದಿದ್ದೆ. ಪ್ರತಿ ಫೈಲಿಗೂ ಒಂದು ಬೆರಳಚ್ಚು ತೆಗೆಯುತ್ತೇವೆ. ಒಂದು ಪ್ರೋಗ್ರಾಂ ಇಡೀ ಫೈಲನ್ನು ಮೊದಲಿಂದ ಕೊನೆಯವರೆಗೆ ಅರೆದು, ಉದ್ದನೆಯ ಒಂದು ಅಕ್ಷರಮಾಲೆಯನ್ನು ಕೊಡುತ್ತದೆ. ಅದೇ ಫೈಲನ್ನು ಎಷ್ಟು ಸಲ ಕೊಟ್ಟರೂ ಅದೇ ಮಾಲೆ. ಆದರೆ ಒಳಗೆ ಒಂದೇ ಒಂದು ಚುಕ್ಕೆ ಆಚೀಚೆ ಆಗಲಿ, ಮಾಲೆ ಪೂರ್ತಿ ಬೇರೆಯಾಗಿಬಿಡುತ್ತದೆ. ಸರಿಯಾಗಿದ್ದಾಗ ತೆಗೆದ ಬೆರಳಚ್ಚನ್ನು ಜೋಪಾನ ಮಾಡಿಟ್ಟು, ದಿನಾ ಬೆಳಿಗ್ಗೆ ಹೊಸದಾಗಿ ತೆಗೆದು, ಎರಡನ್ನೂ ಹೋಲಿಸುವುದೇ ನನ್ನ ಕೆಲಸ. "ಇಷ್ಟಕ್ಕೆ ಸಂಬಳ ಕೊಡ್ತಾರಾ?" ಅಂದಿದ್ದಳು ಅಮ್ಮ. ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು.

ಮೂಲ ಬೆರಳಚ್ಚುಗಳು ಒಮ್ಮೆ ಬರೆದರೆ ಅಳಿಸಲಾಗದ ಒಂದು ಡಿಸ್ಕಿನಲ್ಲಿರುತ್ತವೆ. ದಿನದ ಹೋಲಿಕೆಗೆ ಅವುಗಳ ನಕಲು ನನ್ನ ಕಂಪ್ಯೂಟರಿನಲ್ಲಿ, ಅಸಲಿ ಡಿಸ್ಕು ಕಬ್ಬಿಣದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಸಾಹೇಬರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಕೆಂಪಾದ ಫೈಲನ್ನು ನ್ಯಾಯವಾಗಿಯೇ ಬದಲಿಸಿದ್ದಾದರೆ ನಾವಿಬ್ಬರೂ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಒತ್ತಬೇಕು. ಆಗ ಹೊಸ ಬೆರಳಚ್ಚುಗಳ ಹೊಸ ಡಿಸ್ಕು ಬರೆಯಲಾಗುತ್ತದೆ, ಹಳೆಯದನ್ನು ಪುಡಿ ಮಾಡುತ್ತೇವೆ. ಅದು ನಿಯಮ. ಒಬ್ಬರೇ ಮಾಡುವಂತಿಲ್ಲ, ಅದೂ ನಿಯಮ. ಈ ಎರಡನೆಯ ನಿಯಮ ಬರೆದವರು ಯಾರೋ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಆ ಬೆಳಿಗ್ಗೆ ಪರದೆಯ ಮೇಲೆ ಒಂದೇ ಒಂದು ಸಾಲು ಕೆಂಪಾಗಿತ್ತು. ಔಷಧಿ ಪಟ್ಟಿ.

ಚೀಲ ಕೆಳಗಿಡದೆ ಆ ಸಾಲನ್ನೇ ಮತ್ತೊಮ್ಮೆ ಓದಿದೆ. ಏಕೆಂದರೆ ಹಿಂದಿನ ದಿನ ಸಂಜೆ ನನ್ನಕ್ಕ ಅದೇ ಪಟ್ಟಿಯ ದೆಸೆಯಿಂದ ಸಮವಸ್ತ್ರ ಬಿಚ್ಚಿಟ್ಟು ಮನೆಗೆ ಬಂದಿದ್ದಳು.

ಅಕ್ಕ ಇದೇ ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ದಿನ ಮಧ್ಯಾಹ್ನ, ಆಪರೇಷನ್ ಆಗಿ ಬಂದ ಒಬ್ಬ ಬಡಗಿಗೆ ನೋವಿನ ಔಷಧಿಯನ್ನು ಪುಟ್ಟ ಪಂಪಿನ ಮೂಲಕ ನರಕ್ಕೆ ಏರಿಸಬೇಕಿತ್ತು. ಡಾಕ್ಟರು ಬರೆಯುವುದು ಯಾವ ಔಷಧಿ, ಎಷ್ಟು ಅಂತ. ಪಂಪು ಯಾವ ವೇಗದಲ್ಲಿ ಓಡಬೇಕು ಅನ್ನುವುದನ್ನು ವಾರ್ಡಿನ ಪರದೆ ಹೇಳುತ್ತದೆ, ಪರದೆಗೆ ಹೇಳುವುದು ನಮ್ಮ ಔಷಧಿ ಪಟ್ಟಿ. 'ತಲೆಲೆಕ್ಕ ಬೇಡ, ಪರದೆ ನೋಡಿ' ಎಂದು ಪ್ರತಿ ವಾರ್ಡಿನ ಗೋಡೆಗೂ ಅಂಟಿಸಿದ್ದಾರೆ. ಅಕ್ಕ ಪರದೆ ನೋಡಿದಳು. ಇಪ್ಪತ್ತು ಎಂದಿತ್ತು. ಇಪ್ಪತ್ತಕ್ಕೆ ಇಟ್ಟಳು. ಸ್ವಲ್ಪ ಹೊತ್ತಿಗೆ ಬಡಗಿಯ ಉಸಿರು ನಿಧಾನವಾದದ್ದನ್ನು ಕಂಡವಳೂ ಅವಳೇ, ಪಂಪು ನಿಲ್ಲಿಸಿ ಡಾಕ್ಟರನ್ನು ಕೂಗಿ ಕರೆದವಳೂ ಅವಳೇ. ಬಡಗಿ ಉಳಿದುಕೊಂಡ.

ಆ ವಾರವಷ್ಟೇ ಔಷಧಿಯ ಹೊಸ ಬಾಟಲಿಗಳು ಬಂದಿದ್ದವು, ಹಳೆಯದಕ್ಕಿಂತ ಹತ್ತು ಪಟ್ಟು ಗಟ್ಟಿ. ಹಾಗಾಗಿ ಇಪ್ಪತ್ತಿದ್ದ ಕಡೆ ಎರಡು ಆಗಬೇಕಿತ್ತು. ಅದನ್ನು ಪಟ್ಟಿಯಲ್ಲಿ ತಿದ್ದಬೇಕಾದವರು ಅಡಿಪಟ್ಟಿ ಸಾಹೇಬರು. ಸಂಜೆ ವಾರ್ಡಿನ ಮುಖ್ಯಸ್ಥೆ ಬಂದು ಪರದೆ ತೆಗೆದು ನೋಡಿದಾಗ ಅಲ್ಲಿ ಎರಡು ಎಂದೇ ಇತ್ತು. "ಪರದೆ ಸರಿಯಾಗೇ ಇದೆಯಲ್ಲಮ್ಮ, ನೀನು ಇಪ್ಪತ್ತು ಅಂತ ಎಲ್ಲಿ ನೋಡಿದೆ?" ಎಂದು ಅಕ್ಕನನ್ನು ಕೇಳಿದರು. ಅಲ್ಲಿಗೆ ಗೂಬೆ ಅಕ್ಕನ ತಲೆಯ ಮೇಲೆ ಕೂತಿತು.

"ನೋಡಿದ್ದೆ ಕಣೇ," ಅಂದಿದ್ದಳು ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ. "ಈ ಎರಡು ಕಣ್ಣಲ್ಲಿ. ಇಪ್ಪತ್ತು ಅಂತಲೇ ಇತ್ತು."

ವಿಚಾರಣೆ ನಡೆಯುತ್ತದೆ, ತಪ್ಪು ಅವಳದೇ ಎಂದಾದರೆ ನರ್ಸು ಅನ್ನುವ ಪರವಾನಗಿಯೇ ರದ್ದು. ಈ ಆಸ್ಪತ್ರೆ ಮಾತ್ರ ಅಲ್ಲ, ಎಲ್ಲೂ ಅವಳು ರೋಗಿಯ ಕೈ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಲ್ಲಿ ನನ್ನ ಗೊಂಬೆಗಳಿಗೆಲ್ಲ ಬ್ಯಾಂಡೇಜು ಸುತ್ತಿ ಸುತ್ತಿ ನನಗೆ ಆಡಲು ಒಂದೂ ಉಳಿಸದವಳು ಅವಳು. ಬೇರೆ ಏನು ಕೆಲಸ ಮಾಡುತ್ತಾಳೆ?

ಈಗ ಗೊತ್ತಾಯಿತಲ್ಲ, ಒಪ್ಪಿಗೆ ಒತ್ತಿಬಿಡಿ ಅಂದಾಗ ನನಗೆ ಯಾಕೆ ಮೈ ಉರಿಯಿತು ಅಂತ.

"ಸರ್, ನಿನ್ನೆ ಬೆಳಿಗ್ಗೆ ಈ ಫೈಲು ಹಸಿರಿತ್ತು. ಇವತ್ತು ಕೆಂಪು. ನಡುವೆ ಯಾರು ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲ. ತಾರೀಕು ನೋಡಿ." ಫೈಲನ್ನು ಕೊನೆಯದಾಗಿ ತಿದ್ದಿದ ತಾರೀಕು ನಿಜಕ್ಕೂ ಹಳೆಯದಿತ್ತು. ಹೊಸ ಬಾಟಲಿಗಳು ಬಂದ ದಿನದ್ದೇ. "ಬಾಟಲಿ ಬಂದ ದಿನವೇ ನಾನು ಎರಡು ಅಂತ ಮಾಡಿದ್ದೆ. ಈ ಯಂತ್ರ ಸುಮ್ಮಸುಮ್ಮನೆ ಕೆಂಪಾಗುತ್ತೆ, ನಿಮಗೂ ಗೊತ್ತು."

"ಆವತ್ತೇ ಮಾಡಿದ್ರೆ ಆವತ್ತೇ ಕೆಂಪಾಗಬೇಕಿತ್ತು ಸರ್. ತಾರೀಕು ಯಾರು ಬೇಕಾದ್ರೂ ಹಿಂದಕ್ಕೆ ತಿರುಗಿಸಬಹುದು. ಬೆರಳಚ್ಚು ತಿರುಗಿಸೋಕಾಗಲ್ಲ."

ಅವರು ನನ್ನ ಕೀಬೋರ್ಡನ್ನು ಮೇಜಿನ ಅಂಚಿಗೆ ಸಮ ಮಾಡಿದರು. "ನೋಡಿ, ಕಾರಣದ ಖಾನೆಯಲ್ಲಿ 'ದಿನನಿತ್ಯದ ಬದಲಾವಣೆ' ಅಂತ ಹಾಕಿ. ನಾನೂ ಒತ್ತುತ್ತೀನಿ, ನೀವೂ ಒತ್ತಿ. ಮುಗೀತು. ಪಟ್ಟಿಯಲ್ಲಿ ಈಗ ಇರೋದು ಸರಿಯಾದ ಅಂಕಿ ತಾನೇ? ಸರಿ ಇರೋದನ್ನ ಒಪ್ಪೋಕೆ ಏನು ಕಷ್ಟ?"

ಮಾತು ಎಷ್ಟು ನಯವಾಗಿತ್ತು ನೋಡಿ. ಪಟ್ಟಿಯಲ್ಲಿದ್ದದ್ದು ಸರಿಯಾದ ಅಂಕಿಯೇ. ಅದು ಯಾವಾಗ ಸರಿಯಾಯಿತು ಅನ್ನುವುದರ ಮೇಲೆ ನನ್ನಕ್ಕನ ಬದುಕು ನಿಂತಿತ್ತು. ನಾನು ಒತ್ತಿದರೆ ಹಳೆಯ ಡಿಸ್ಕು ಪುಡಿ. ಬ್ಯಾಕಪ್ ನೋಡೋಣ ಅಂದರೆ ಅದು ಅವರ ಕೈಯಲ್ಲೇ ಇತ್ತು, ಅಲ್ಲಿ ಆಗಲೇ ಹಳೆಯದರ ಮೇಲೆ ಹೊಸದು ಕೂತಾಗಿತ್ತು.

"ಒತ್ತಲ್ಲ," ಅಂದೆ ಮತ್ತೆ.

"ನಿಮ್ಮ ಅಕ್ಕ ಅನ್ನೋ ಕಾರಣಕ್ಕೆ ಹಠ ಹಿಡಿದಿದ್ದೀರಿ ಅಂತ ನಾನು ಮೇಲಕ್ಕೆ ಬರೆಯಬೇಕಾಗುತ್ತೆ."

"ಬರೀರಿ ಸರ್. ಅಕ್ಕ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಬರೀರಿ."

ಬರೆದರು. ಮೇಲಿನವರು ವಿಚಾರಣೆಗೆ ದಿನ ಗೊತ್ತು ಮಾಡಿ, ಅಲ್ಲಿಯವರೆಗೆ ಯಾರೂ ಆ ಫೈಲು ಮುಟ್ಟಬಾರದು ಎಂದು ಹೇಳಿ ಕೈ ತೊಳೆದುಕೊಂಡರು. ಒಪ್ಪಿಗೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅದನ್ನು ಸಾಹೇಬರು ಬಿಡಲಿಲ್ಲ. ದಿನಾ ಬೆಳಿಗ್ಗೆ ಬರುತ್ತಿದ್ದರು, ನನ್ನ ಲೋಟ ಸರಿಮಾಡುತ್ತಿದ್ದರು, ಒತ್ತಿ ಅನ್ನುತ್ತಿದ್ದರು. ಒಂದು ದಿನ ಬಡ್ತಿಯ ಮಾತು, ಇನ್ನೊಂದು ದಿನ ವರ್ಗಾವಣೆಯ ಮಾತು. ನಾನು ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

ಅಷ್ಟರಲ್ಲಿ ಕೆಂಪು ಸಾಲನ್ನು ನೋಡಲು ಜನ ಸೇರತೊಡಗಿದರು. ಗಾಜಿನ ಗೋಡೆಯ ಆಚೆ ಓಡಾಡುವವರಿಗೆಲ್ಲ ಅದು ಕಾಣುತ್ತಿತ್ತು. ಬಟ್ಟೆ ಒಗೆಯುವ ಹೆಂಗಸರು ಗಾಡಿ ನಿಲ್ಲಿಸಿ ನೋಡಿದರು. ಸ್ಟ್ರೆಚರ್ ತಳ್ಳುವವರು ನೋಡಿದರು. "ಇನ್ನೂ ಕೆಂಪಾ?" ಎಂದು ಕ್ಯಾಂಟೀನಿನಲ್ಲಿ ನನ್ನನ್ನು ಕೇಳುವವರು ಹುಟ್ಟಿಕೊಂಡರು. ಸಾಹೇಬರು ಪರದೆ ಆರಿಸಿದರು, ನಾನು ಹಾಕಿದೆ. ಅದರ ಮೇಲೆ 'ಕೈ ತೊಳೆಯಿರಿ' ಎಂಬ ದೊಡ್ಡ ಚಿತ್ರ ತೂಗುಹಾಕಿದರು. ನಾನು ತೆಗೆದು ಕೈ ತೊಳೆಯುವ ಕಡೆಯೇ ತೂಗುಹಾಕಿ ಬಂದೆ. ಕಡೆಗೆ ಪರದೆಯನ್ನೇ ಹಿಂಬದಿಯ ಗೋಡೆಗೆ ಮುಖ ಮಾಡಿ ತಿರುಗಿಸಿದರು. ತಿರುಗಿಸಿದ್ದಷ್ಟೇ ಅಲ್ಲ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ಅದರ ಅಂಚನ್ನು ಗೋಡೆಯ ಅಂಚಿಗೆ ಸರಿಯಾಗಿ ಕೂರಿಸಿಯೇ ಹೋದರು. ಕೋಪದಲ್ಲಿದ್ದರೂ ನಗು ತಡೆಯಲಾಗಲಿಲ್ಲ. ನಕ್ಕು, ಮತ್ತೆ ಈ ಕಡೆಗೆ ತಿರುಗಿಸಿದೆ.

ಪೆಟ್ಟಿಗೆಯ ಕೀಲಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೆ. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. "ತುಕ್ಕು ಹಿಡಿಯುತ್ತೆ," ಅಂದಳು ಅಮ್ಮ. "ಕೀಲಿಗಲ್ಲ, ನಿನ್ನ ತಲೆಗೆ."

ಅಮ್ಮನ ಬಾಯಿ ಹಾಗೆ. ಆದರೆ ಆ ದಿನಗಳಲ್ಲಿ ಅವಳೂ ಒಳಗೊಳಗೆ ನವೆಯುತ್ತಿದ್ದಳು. ಅಕ್ಕ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು, ಕೂದಲು ಬಿಗಿಯಾಗಿ ಕಟ್ಟಿ, ಆಮೇಲೆ ಎಲ್ಲಿಗೂ ಹೋಗಲಿಕ್ಕಿಲ್ಲ ಅನ್ನುವುದು ನೆನಪಾಗಿ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಅದನ್ನು ನೋಡುವುದು ಅಮ್ಮನಿಗೂ ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ. ಎದುರುಮನೆಯವಳು ಬಂದು "ರಜೆನಾ?" ಎಂದು ಕೇಳಿದಾಗ ಅಕ್ಕ "ಹೌದು" ಅಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿ ಕೆಂಪಾಯಿತು.

ವಿಚಾರಣೆಗೆ ಮುಂಚಿನ ದಿನ ಊಟದ ಮೇಜಿನಲ್ಲಿ ನಾನು ಅಸಲಿ ತೊಡಕನ್ನು ಬಾಯಿಬಿಟ್ಟೆ.

"ಬೆರಳಚ್ಚು ಒಂದೇ ಮಾತು ಹೇಳುತ್ತೆ. ಬದಲಾಗಿದೆ ಅಂತ. ಮುಂಚೆ ಏನಿತ್ತು ಅಂತ ಹೇಳಲ್ಲ. ಮಾಲೆಯಿಂದ ಫೈಲನ್ನ ವಾಪಸ್ ತೆಗೆಯೋಕೆ ಬರಲ್ಲ. ನಾಳೆ ಅವರು ಹೇಳೋದು ಇದನ್ನೇ. ಏನೋ ಚಿಲ್ಲರೆ ಬದಲಾಗಿರಬಹುದು, ಅಂಕಿ ಮಾತ್ರ ಎರಡೇ ಇತ್ತು ಅಂತಾರೆ."

"ಹಾಗಾದ್ರೆ ಇಷ್ಟು ದಿನ ಕುಣಿದಿದ್ದು ಯಾಕೆ?" ಅಂದಳು ಅಮ್ಮ.

"ಒಂದು ದಾರಿ ಇದೆ. ಈಗಿರೋ ಫೈಲಿನ ನಕಲು ತಗೊಂಡು, ಎರಡು ಇರೋ ಕಡೆ ಇಪ್ಪತ್ತು ಮಾಡಿ, ಬೆರಳಚ್ಚು ತೆಗೀಬೇಕು. ಅಕ್ಕ ನೋಡಿದ್ದು ನಿಜವಾದ್ರೆ ಡಿಸ್ಕಿನಲ್ಲಿರೋ ಹಳೇ ಬೆರಳಚ್ಚೇ ಬರುತ್ತೆ. ಅಕ್ಷರ ಬಿಡದಂಗೆ ಅದೇ ಬರುತ್ತೆ. ಅಕಸ್ಮಾತ್ತಾಗಿ ಹೊಂದಿಕೊಳ್ಳೋ ಮಾತೇ ಇಲ್ಲ."

"ಮತ್ತೆ ಮಾಡಿ ನೋಡೋದು ತಾನೇ?"

"ಪೆಟ್ಟಿಗೆ ತೆಗೀಬೇಕಾದ್ರೆ ಅವರ ಕೀಲಿನೂ ಬೇಕಮ್ಮ. ಹೋಗಲಿ, ಬೆರಳಚ್ಚು ನನ್ನ ಪರದೆ ಮೇಲೂ ಕಾಣುತ್ತೆ, ಫೈಲಿನ ನಕಲು ತಗೊಂಡು ಕದ್ದು ಒಂದ್ಸಲ ನೋಡಬಹುದು. ಯಾರಿಗೂ ಗೊತ್ತಾಗಲ್ಲ."

ಅಕ್ಕ ತಟ್ಟೆಯಿಂದ ತಲೆ ಎತ್ತಿದಳು. "ಯಾಕೆ ನೋಡ್ಬೇಕು?"

"ನಾಳೆ ಎಲ್ಲರ ಮುಂದೆ ಹೊಂದಿಕೊಳ್ಳದೇ ಇದ್ರೆ?"

"ಫೈಲು ಮುಟ್ಟಬಾರದು ಅಂದಿದಾರೆ ತಾನೇ? ನೀನು ಮುಟ್ಟಿದ್ರೆ ಅವರಿಗೂ ನಿನಗೂ ಏನು ವ್ಯತ್ಯಾಸ? ತಂಗಿ ಕೂತು ಹೊಂದಿಸಿದಳು ಅಂತ ನಾಳೆ ಒಬ್ಬರು ಅಂದ್ರೂ ಸಾಕು." ಅವಳು ಲೋಟದ ನೀರು ಕುಡಿದಳು. "ಅಲ್ಲದೆ, ನನ್ನ ಮಾತು ನಂಬೋಳಾದ್ರೆ ನೀನು ಮೊದಲೇ ಇಣುಕಿ ನೋಡೋದು ಬೇಡ. ನಂಬಲ್ಲ ಅಂದ್ರೆ ಹೇಳು, ನಾಳೆ ನಾನೊಬ್ಬಳೇ ಹೋಗ್ತೀನಿ."

ನಮ್ಮ ಮನೆಯಲ್ಲಿ ಕೋಪ ನನ್ನ ಪಾಲಿಗೆ ಬಂದದ್ದು, ಹಠ ಅವಳ ಪಾಲಿಗೆ. ನಾನು ಬಾಯಿ ಮುಚ್ಚಿಕೊಂಡು ತಟ್ಟೆ ತೊಳೆಯಲು ಎದ್ದೆ.

ವಿಚಾರಣೆ ನಡೆದದ್ದು ಮೊದಲ ಮಹಡಿಯ ಸಭೆಯ ಕೋಣೆಯಲ್ಲಿ, ಬೆಳಿಗ್ಗೆ. ನಡೆಸಿದವರು ಹೊರಗಿನಿಂದ ಬಂದ ಹಿರಿಯ ಡಾಕ್ಟರಮ್ಮ. ಬೆಳ್ಳಗಾದ ಗಿಡ್ಡ ಕೂದಲು, ಕುತ್ತಿಗೆಗೆ ದಾರದಲ್ಲಿ ಕನ್ನಡಕ. ಮೇಜಿನ ಒಂದು ಬದಿಗೆ ಅಡಿಪಟ್ಟಿ ಸಾಹೇಬರು, ಇನ್ನೊಂದು ಬದಿಗೆ ಅಕ್ಕ ಮತ್ತು ನಾನು. ಅಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಳು. ಸಮವಸ್ತ್ರ ಹಾಕುವಂತಿರಲಿಲ್ಲ, ಅದಕ್ಕೆ ಅದರ ಬಣ್ಣದ್ದೇ ಇನ್ನೊಂದು ಹುಡುಕಿ ಹಾಕಿಕೊಂಡಿದ್ದಳು.

ಸಾಹೇಬರು ಸೊಗಸಾಗಿ ಮಾತಾಡಿದರು. ತಾರೀಕು ತೋರಿಸಿದರು. ಯಂತ್ರವನ್ನು ನಂಬುವಂತಿಲ್ಲ ಅಂದರು. ನರ್ಸುಗಳಿಗೆ ಕೆಲಸದ ಒತ್ತಡ ಜಾಸ್ತಿ, ಹಳೆಯ ಬಾಟಲಿಯ ಇಪ್ಪತ್ತು ಬಾಯಿಪಾಠ ಆಗಿರುತ್ತದೆ, ಪರದೆ ನೋಡದೆಯೇ ಇಟ್ಟಿರುತ್ತಾರೆ, ಪಾಪ, ಅಂದರು. ಆ 'ಪಾಪ' ಕೇಳಿ ನನ್ನ ಹಲ್ಲು ಕಟಕಟ ಅಂದಿತು. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಈ ಯಂತ್ರ ಬದಲಾಗಿದೆ ಅಂತ ಹೇಳುತ್ತೆ ಮೇಡಂ," ಅಂದರು ಕೊನೆಗೆ. "ಏನು ಬದಲಾಗಿದೆ ಅಂತ ಹೇಳುತ್ತಾ? ಅವರನ್ನೇ ಕೇಳಿ."

"ಹೇಳಲ್ಲ ಮೇಡಂ," ಅಂದೆ. "ಆದರೆ ಒಂದು ಮಾತು ನಿಜವೋ ಸುಳ್ಳೋ ಅಂತ ಹೇಳುತ್ತೆ. ನೀವೇ ಮಾಡಿ ನೋಡಿ. ನನ್ನ ಕೈ ಕೀಬೋರ್ಡು ಮುಟ್ಟೋದು ಬೇಡ."

ದಾರಿಯನ್ನು ವಿವರಿಸಿದೆ. ಡಾಕ್ಟರಮ್ಮ ಎರಡು ಸಲ ಕೇಳಿಸಿಕೊಂಡರು. ಪೆಟ್ಟಿಗೆ ತರಿಸಿದರು. ನನ್ನ ಕುತ್ತಿಗೆಯ ಕೀಲಿ ಒಂದು ಬೀಗಕ್ಕೆ, ಸಾಹೇಬರ ಜೇಬಿನ ಕೀಲಿ ಇನ್ನೊಂದಕ್ಕೆ. ಸಾಹೇಬರು ಕೀಲಿ ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಆದರೂ ಸಿಕ್ಕಿತು. ಡಿಸ್ಕಿನಿಂದ ಹಳೆಯ ಬೆರಳಚ್ಚನ್ನು ಪರದೆಯ ಮೇಲೆ ಒಂದು ಬದಿಗೆ ತೆರೆದಿಟ್ಟರು. ಔಷಧಿ ಪಟ್ಟಿಯ ನಕಲನ್ನು ಇನ್ನೊಂದು ಬದಿಗೆ.

"ಏನಿತ್ತಮ್ಮ ಅಲ್ಲಿ?" ಎಂದರು ಅಕ್ಕನ ಕಡೆ ತಿರುಗಿ.

"ಇಪ್ಪತ್ತು."

ಡಾಕ್ಟರಮ್ಮ ಒಂದೇ ಬೆರಳಿನಲ್ಲಿ, ಕೀ ಹುಡುಕಿ ಹುಡುಕಿ, ಎರಡನ್ನು ಇಪ್ಪತ್ತು ಮಾಡಿದರು. ಬೆರಳಚ್ಚು ತೆಗೆದರು.

ಹೊಂದಲಿಲ್ಲ. ಮೊದಲ ಅಕ್ಷರದಿಂದಲೇ ಬೇರೆ.

ಸಾಹೇಬರು ಮೆಲ್ಲಗೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅಕ್ಕನ ಕಡೆ ತಿರುಗಿದೆ. ಹೇಳಿಬಿಡುತ್ತೇನೆ, ಆ ಕ್ಷಣ ನನಗೂ ಅನುಮಾನ ಬಂತು. ಒಂದು ವೇಳೆ ಅವಳಿಗೇ ತಪ್ಪು ನೆನಪಿದ್ದರೆ? ದಿನವಿಡೀ ನಿಂತು ದಣಿದ ಕಣ್ಣು, ಬಾಯಿಪಾಠವಾದ ಅಂಕಿ. ಯಾರಿಗೆ ಬೇಕಾದರೂ ಆಗುವಂಥದ್ದು.

ಅಕ್ಕ ನನ್ನ ಮುಖ ನೋಡಿದಳು. ನನ್ನ ಅನುಮಾನ ಅವಳಿಗೆ ಕಂಡಿತು, ಅದನ್ನು ನಾನು ಮುಚ್ಚಿಡಲಾರೆ. ಅವಳ ರೆಪ್ಪೆ ಕೂಡ ಅಲುಗಲಿಲ್ಲ.

"ಇಪ್ಪತ್ತೇ," ಅಂದಳು. "ಬೇರೆ ಏನೋ ತಪ್ಪಿದೆ. ಹುಡುಕು."

ದೊಡ್ಡಕ್ಕಂದಿರು ಕಳೆದುಹೋದ ಚಪ್ಪಲಿ ಹುಡುಕು ಅನ್ನುತ್ತಾರಲ್ಲ, ಅದೇ ದನಿ. ನನಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಕೋಪ ಬಂತು, ಕೋಪ ಬಂದ ಮೇಲೆ ನನ್ನ ತಲೆ ಓಡತೊಡಗಿತು.

"ಮೇಡಂ, ಡಿಸ್ಕಿನಲ್ಲಿ ಬೆರಳಚ್ಚಿನ ಪಕ್ಕ ಫೈಲಿನ ಅಳತೆನೂ ಇದೆ. ಎಷ್ಟು ಅಕ್ಷರ ಇತ್ತು ಅಂತ. ಈಗ ನೀವು ಮಾಡಿದ ನಕಲಿನ ಅಳತೆ ಜೊತೆ ಹೋಲಿಸಿ ನೋಡಿ."

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡರು. "ಹಳೇದು ಒಂದು ಜಾಸ್ತಿ ಇದೆ. ಒಂದೇ ಒಂದು."

"ಇನ್ನೊಂದು ಅಕ್ಷರ ಎಲ್ಲೋ ಹೋಗಿದೆ. ಅಂಕಿ ತಿದ್ದಿದವರು ಅದರ ಜೊತೆ ಇನ್ನೇನನ್ನೋ ತೆಗೆದಿದ್ದಾರೆ."

"ಅದು ಏನಾದ್ರೂ ಆಗಿರಬಹುದು ಮೇಡಂ," ಅಂದರು ಸಾಹೇಬರು. "ಹೀಗೆ ಒಂದೊಂದೇ ಸೇರಿಸ್ತಾ ಹೋದ್ರೆ ಏನು ಬೇಕಾದ್ರೂ ಹೊಂದಿಸಬಹುದು." ಮಾತಾಡುತ್ತ ಮಾತಾಡುತ್ತಲೇ ಅವರ ಕೈ ಡಾಕ್ಟರಮ್ಮನ ಮುಂದಿದ್ದ ಕಾಗದಗಳನ್ನು ಒಟ್ಟುಮಾಡಿ, ಮೇಜಿಗೆ ತಟ್ಟಿ, ಅಂಚು ಸಮ ಮಾಡಿ ಇಟ್ಟಿತು. ಆ ಕೈಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಆ ಕೈಯನ್ನೇ ನೋಡಿದೆ.

ಆಸ್ಪತ್ರೆಯ ಔಷಧಿ ಅಂಗಡಿಯವರು ಪಟ್ಟಿ ತಯಾರಿಸುವಾಗ ಕೊನೆಯ ಔಷಧಿ ಬರೆದ ಮೇಲೆ ಒಂದು ಎಂಟರ್ ಹೆಚ್ಚಿಗೆ ಒತ್ತುವುದು ರೂಢಿ. ಹಾಗಾಗಿ ಪಟ್ಟಿಯ ಕೊನೆಯಲ್ಲಿ ಯಾವಾಗಲೂ ಒಂದು ಖಾಲಿ ಸಾಲು ಇರುತ್ತಿತ್ತು. ಕಣ್ಣಿಗೆ ಅದು ಏನೂ ಅಲ್ಲ. ಕಂಪ್ಯೂಟರಿಗೆ ಮಾತ್ರ ಆ ಖಾಲಿ ಸಾಲೂ ಒಂದು ಅಕ್ಷರವೇ. ಅದನ್ನು ಕಂಡಾಗಲೆಲ್ಲ ಸಾಹೇಬರ ಹುಬ್ಬು ಗಂಟಾಗುತ್ತಿತ್ತು. "ಇದೇನಿದು ಬಾಲ," ಅನ್ನುತ್ತಿದ್ದರು. ಅದಕ್ಕೂ ಇಬ್ಬರ ಒಪ್ಪಿಗೆ ಬೇಕಲ್ಲ ಎಂದು ಬಿಟ್ಟಿದ್ದರು. ಬಡಗಿಯ ಉಸಿರು ನಿಧಾನವಾದ ಆ ಮಧ್ಯಾಹ್ನ ಹೇಗೂ ಫೈಲು ತೆರೆದಾಗಿತ್ತು, ಯಾರೂ ನೋಡುತ್ತಿರಲಿಲ್ಲ. ಅವಸರದಲ್ಲಿ ಕದ್ದು ಅಂಕಿ ತಿದ್ದುವಾಗಲೂ ಆ ಬಾಲವನ್ನು ಹಾಗೇ ಬಿಟ್ಟು ಬರಲು ಈ ಮನುಷ್ಯನಿಂದ ಆಗಿರಲಾರದು. ಅದು ಅವರ ಜಾಯಮಾನದಲ್ಲೇ ಇಲ್ಲ.

"ಮೇಡಂ, ಒಂದೇ ಒಂದು ಸಲ ನೋಡೋಣ," ಅಂದೆ. "ಇದು ಹೊಂದದೇ ಇದ್ರೆ ನಾನೇ ಒಪ್ಪಿಗೆ ಒತ್ತಿ, ರಾಜೀನಾಮೆ ಕೊಟ್ಟು ಹೋಗ್ತೀನಿ. ಪಟ್ಟಿಯ ಕಟ್ಟಕಡೆಗೆ ಹೋಗಿ. ಕೊನೆಯ ಸಾಲಿನ ಆಚೆ ಒಂದು ಎಂಟರ್ ಒತ್ತಿ. ಖಾಲಿ ಸಾಲು. ಅಷ್ಟೇ."

ಸಾಹೇಬರ ಕೈ ಕಾಗದಗಳ ಮೇಲೆಯೇ ನಿಂತುಬಿಟ್ಟಿತು.

ಡಾಕ್ಟರಮ್ಮ ಕೆಳಗೆ ಹೋದರು. ಎಂಟರ್ ಒತ್ತಿದರು. ಬೆರಳಚ್ಚು ತೆಗೆದರು. ಆಮೇಲೆ ಒಂದು ಬೆರಳನ್ನು ಹಳೆಯ ಮಾಲೆಯ ಮೇಲೆ, ಇನ್ನೊಂದನ್ನು ಹೊಸ ಮಾಲೆಯ ಮೇಲೆ ಇಟ್ಟು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದುತ್ತ ಹೋದರು. ಉದ್ದನೆಯ ಮಾಲೆ ಅದು. ನಡುವೆ ಎಲ್ಲಾದರೂ ತಪ್ಪುತ್ತದೆ ಎಂದು ನಾನು ಅವರ ಬೆರಳುಗಳನ್ನೇ ನೋಡುತ್ತ ಕಾದೆ. ಎಲ್ಲೂ ತಪ್ಪಲಿಲ್ಲ. ಕೊನೆಯ ಅಕ್ಷರದವರೆಗೂ ಅದೇ.

ಅವರು ಕನ್ನಡಕ ಕೆಳಗಿಳಿಸಿದರು. "ಅಲ್ಲಿಗೆ ಆ ದಿನ ಬೆಳಿಗ್ಗೆ ಪಟ್ಟಿಯಲ್ಲಿ ಇಪ್ಪತ್ತೇ ಇತ್ತು," ಅಂದರು. ಪ್ರಶ್ನೆ ಯಾರಿಗೂ ಕೇಳಲಿಲ್ಲ. ಆದರೆ ಸಾಹೇಬರ ಕಡೆಗೇ ನೋಡುತ್ತಿದ್ದರು.

"ತಪ್ಪಿದ್ದನ್ನ ಸರಿ ಮಾಡಿದೆ," ಅಂದರು ಸಾಹೇಬರು. ದನಿ ಸಣ್ಣಗಾಗಿತ್ತು. "ಇನ್ನೊಬ್ಬ ರೋಗಿಗೆ ಹಾಗಾಗಬಾರದಲ್ಲ, ಅದಕ್ಕೆ. ಸರಿ ಮಾಡಿದ್ದು ತಪ್ಪಾ?"

ನಾನು ಬಾಯಿ ತೆರೆದೆ. ಅಕ್ಕ ಮತ್ತೆ ನನ್ನ ಕಾಲು ತುಳಿದಳು. ಈ ಸಲ ಮಾತು ಅವಳದಾಗಿತ್ತು.

"ಸರಿ ಮಾಡಿದ್ದು ಸರಿ ಸರ್," ಅಂದಳು. "ಆವತ್ತು ಮಧ್ಯಾಹ್ನ ವಾರ್ಡಿಗೆ ಒಂದು ಫೋನ್ ಮಾಡಿ 'ಪರದೆ ತಪ್ಪಿತ್ತು' ಅಂದಿದ್ರೆ ಸಾಕಿತ್ತು. ಆ ಬಡಗಿಗೆ ಏನಾಯ್ತು ಅಂತ ಡಾಕ್ಟರಿಗೂ ಬೇಗ ಗೊತ್ತಾಗ್ತಿತ್ತು. ನಾವು ಎಷ್ಟು ಹೊತ್ತು ಅವನಿಗೆ ಏನೋ ಕಾಯಿಲೆ ಅಂತ ಹುಡುಕಿದ್ವಿ ಗೊತ್ತಾ ನಿಮಗೆ? ನೀವು ಕೆಳಗೆ ಕೂತು ತಾರೀಕು ತಿರುಗಿಸ್ತಿದ್ದಾಗ ನಾನು ಮೇಲೆ ಅವನ ಎದೆ ಮೇಲೆ ಕೈ ಇಟ್ಟು ಉಸಿರು ಎಣಿಸ್ತಿದ್ದೆ."

ಡಾಕ್ಟರಮ್ಮ ಅಕ್ಕನಿಗೆ, ಸಮವಸ್ತ್ರ ಹಾಕಿಕೊಂಡು ವಾರ್ಡಿಗೆ ಹೋಗಿ ಅಂದರು. ನನಗೆ, ಈಗಿರುವ ಅಂಕಿ ಸರಿಯಾದದ್ದು, ಆದ್ದರಿಂದ ಕೆಳಗೆ ಹೋಗಿ ಒಪ್ಪಿಗೆಯ ಕೆಲಸ ಮುಗಿಸಿ, ಹಳೆಯ ಡಿಸ್ಕು ಮಾತ್ರ ಪುಡಿಯಾಗದೆ ತಮ್ಮ ಹತ್ತಿರವೇ ಇರಲಿ ಅಂದರು.

ಸಾಹೇಬರೂ ನಾನೂ ನೆಲಮಾಳಿಗೆಗೆ ಇಳಿದೆವು. ಸಾಹೇಬರು ನನ್ನ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಕೊಟ್ಟು, ಕಾರಣದ ಖಾನೆಯಲ್ಲಿ 'ತಿದ್ದುಪಡಿ' ಎಂದು ಹಾಕಿದರು.

"ಇಷ್ಟು ಸಾಲದು ಸರ್," ಅಂದೆ. "ಯಾರು, ಯಾವಾಗ, ಯಾಕೆ. ಇಲ್ಲದಿದ್ರೆ ನಾನು ಒತ್ತಲ್ಲ."

ನನ್ನನ್ನು ನುಂಗುವ ಹಾಗೆ ನೋಡಿದರು. ನಾನು ಜಗ್ಗಲಿಲ್ಲ. ಬರೆದರು. ಹೊಸ ಬಾಟಲಿ ಬಂದಾಗ ತಾವು ಪಟ್ಟಿ ತಿದ್ದಲು ಮರೆತದ್ದು, ರೋಗಿಯ ಉಸಿರು ನಿಧಾನವಾದ ಸುದ್ದಿ ಕಿವಿಗೆ ಬಿದ್ದ ಮೇಲೆ ತಿದ್ದಿದ್ದು, ತಾರೀಕು ಹಿಂದಕ್ಕೆ ಹಾಕಿದ್ದು, ಕೊನೆಗೆ ತಮ್ಮ ಹೆಸರು. ಎದ್ದು ಹೊರಟುಹೋದರು. ಅವರು ಎದ್ದ ಕುರ್ಚಿ ಮೇಜಿಗೆ ಅಡ್ಡಲಾಗಿ, ಸೊಟ್ಟಗೆ ನಿಂತಿತ್ತು. ಅವರು ತಿರುಗಿ ನೋಡಲಿಲ್ಲ.

ಅಕ್ಕ ಸಮವಸ್ತ್ರ ಹಾಕಿಕೊಂಡು ಗಾಜಿನ ಗೋಡೆಯ ಈಚೆ ಬಂದು ನನ್ನ ಹಿಂದೆ ನಿಂತಳು. ಪರದೆಯ ಮೇಲಿನ ಕೆಂಪು ಸಾಲನ್ನು, ಅದರ ಪಕ್ಕ ಈಗ ಮೂಡಿದ ಕಾರಣವನ್ನು, ನಿಧಾನವಾಗಿ ಓದಿದಳು. ನಾನು ನನ್ನ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆಯ ಮೇಲೆ ಬೆರಳಿಟ್ಟೆ. ಒತ್ತಿದರೆ ಸಾಲು ಹಸಿರಾಗುತ್ತಿತ್ತು, ಕಾರಣ ಒಳಗೆ ಕಡತ ಸೇರುತ್ತಿತ್ತು.

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಗಾಜಿನ ಆಚೆ ಬಟ್ಟೆಯ ಗಾಡಿ ತಳ್ಳುವ ಹೆಂಗಸರು ಆಗಲೇ ನಿಂತು ಇಣುಕುತ್ತಿದ್ದರು.

"ಸಂಜೆ ಒತ್ತುವೆಯಂತೆ," ಅಂದಳು. "ಇಷ್ಟು ದಿನ ಎಲ್ಲರೂ ನನ್ನ ಮುಖ ನೋಡಿದ್ರಲ್ಲ. ನನ್ನ ಪಾಳಿ ಮುಗಿಯೋವರೆಗೆ ಇದನ್ನೂ ನೋಡ್ಲಿ. ಕೆಂಪಾಗಿಯೇ ಇರಲಿ."

ಬೆರಳು ತೆಗೆದೆ. ಅವಳು ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ನಾನು ಪರದೆಯನ್ನು ದಾರಿಯಲ್ಲಿ ಹೋಗುವವರಿಗೆ ಇನ್ನೂ ಚೆನ್ನಾಗಿ ಕಾಣುವಂತೆ ಸ್ವಲ್ಪ ಸೊಟ್ಟಗೆ ತಿರುಗಿಸಿ ಕೂತೆ.